ಜೇಬಿನಲ್ಲಿ ಉಳಿದ ಚೀಟಿ

ಅಧ್ಯಕ್ಷರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಕೂತು ತಿಂಡಿ ಬರುವ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಇಂದಿನ ಸನ್ಮಾನ ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಪ್ರಧಾನ ಸಂಪಾದಕಿಗೆ. ಕಚೇರಿಯಲ್ಲಿ ಎಲ್ಲರಿಗೂ ಅವರು ಚಿಕ್ಕಮೇಡಂ. ನನಗಿಂತ ಹನ್ನೊಂದು ವರ್ಷ ಚಿಕ್ಕವರು. ಕೆಲಸ ಕಲಿಸಿದವನು ನಾನು, ಕುರ್ಚಿ ಸಿಕ್ಕಿದ್ದು ಅವರಿಗೆ. ಇರಲಿ, ಸನ್ಮಾನದ ಫಲಕ ಚೆನ್ನಾಗಿದೆ. ದೊಡ್ಡದಾಗಿಯೂ ಇದೆ.

ಅವರ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ನಾನು ಒಂದು ಪದದ ಬಗ್ಗೆ ಮಾತಾಡುತ್ತೇನೆ: 'ಮೈಸರ್'. ಜಿಪುಣ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ನಿಮಗೆಲ್ಲ ಗೊತ್ತು. ಆದರೆ ಲ್ಯಾಟಿನ್ನಿನಿಂದ ಬಂದಾಗ ಅದಕ್ಕೆ ಹಣದ ಸುದ್ದಿಯೇ ಇರಲಿಲ್ಲ. ದುಃಖಿ, ಪಾಪದವನು ಎಂದಷ್ಟೇ ಅರ್ಥ. ಸಂಕಟವೆಂಬ 'ಮಿಸರಿ' ಅದರ ಒಡಹುಟ್ಟು. ಬಚ್ಚಿಟ್ಟುಕೊಂಡವನು ಸುಖವಾಗಿರುತ್ತಾನೆಂದು ಯಾರು ಹೇಳಿದರು?

ಈ ಅರ್ಥದಲ್ಲಿ ಆ ಪದ ಬಳಸಿದ ವಾಕ್ಯ ಕಚೇರಿಯ ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಮೊದಲು ಕಂಡದ್ದು ನನಗೆ. ವಾಕ್ಯ ಸಿಕ್ಕರೆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಮ್ಮ ನಮ್ಮ ಗುರುತು ಹಾಕಿ, ಚೀಟಿ ಬರೆದು ಪೆಟ್ಟಿಗೆಗೆ ಹಾಕುವುದು ನಮ್ಮಲ್ಲಿ ಪದ್ಧತಿ. ಅಚ್ಚಿನಲ್ಲೂ ವಾಕ್ಯ ಹುಡುಕಿಕೊಟ್ಟವರ ಹೆಸರು ಬರುತ್ತದೆ. ಗುರುತು ಹಾಕಿದೆ, ಚೀಟಿಯನ್ನೂ ಬರೆದೆ. ಅದೇ ಮಧ್ಯಾಹ್ನ ಚಿಕ್ಕಮೇಡಂ ಅವರ ಬಡ್ತಿಯ ಆದೇಶ ಬಂತು. ಚೀಟಿ ಪೆಟ್ಟಿಗೆಗೆ ಹೋಗಲಿಲ್ಲ, ನನ್ನ ಜೇಬಿಗೆ ಹೋಯಿತು. ಅವರ ನಿಘಂಟಿನಲ್ಲಿ ಒಂದು ತೂತು ಇರಲಿ ಎಂದುಕೊಂಡೆ. ಹೌದು ಸ್ವಾಮಿ, ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ?

"ಸಾರ್, ಆ ಪದಕ್ಕೆ ಇನ್ನೇನಾದ್ರೂ ಸಿಕ್ತಾ?" ಎಂದು ಆರು ವರ್ಷದಲ್ಲಿ ಮೂರು ಸಲ ಕೇಳಿದರು.

"ಇಲ್ಲಮ್ಮ, ಸಿಕ್ಕಿದ್ರೆ ಕೊಡ್ತಿರ್ಲಿಲ್ವಾ?" ಎಂದೆ, ಮೂರು ಸಲವೂ.

ಇಂದು ಬೆಳಿಗ್ಗೆ ಅಚ್ಚಾದ ಪ್ರತಿ ಬಂತು. ತೂತು ನೋಡಿ ಖುಷಿಪಡೋಣವೆಂದು ನೇರ ಆ ಪುಟ ತೆರೆದೆ. ಮೊದಲ ಅರ್ಥವೇ 'ದುಃಖಿ'! ನನ್ನದೇ ವಾಕ್ಯ, ಕೆಳಗೆ ನನ್ನದೇ ಹೆಸರು. ಓಡಿಹೋಗಿ ಕಪಾಟಿನಿಂದ ಹಳೆಯ ಪುಸ್ತಕ ಎಳೆದೆ. ಅಂಚಿನಲ್ಲಿ ನನ್ನ ಗುರುತು ಹಾಗೇ ಇತ್ತು. ಪುಸ್ತಕ ಒಯ್ದವರ ಪಟ್ಟಿಯಲ್ಲಿ ನನ್ನ ನಂತರ ಒಂದೇ ಸಹಿ, ಚಿಕ್ಕಮೇಡಂ ಅವರದು, ನಾಲ್ಕು ವರ್ಷದ ಹಿಂದಿನ ತಾರೀಖು. ಅವರು ಮೂರನೆಯ ಸಲ ಕೇಳಿದ್ದು ಕಳೆದ ವರ್ಷ.

ಗೊತ್ತಿದ್ದೇ ಕೇಳಿದ್ದರು, ನಾನಾಗಿ ಕೊಡಲಿ ಎಂದು. ದೊಡ್ಡತನದಲ್ಲೂ ನನ್ನನ್ನು ಹಿಂದೆ ಹಾಕಿದರಲ್ಲ! ನಿಜ ಹೇಳುತ್ತೇನೆ, ಅದಕ್ಕೂ ಹೊಟ್ಟೆ ಉರಿಯುತ್ತಿದೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ. ಚಿಕ್ಕಮೇಡಂ, ನಾಲ್ಕನೆಯ ಸಲ ಕೇಳಬೇಡಿ. ಇಗೋ, ಚೀಟಿ. ಮಡಿಕೆಯಲ್ಲಿ ಸ್ವಲ್ಪ ಹರಿದಿದೆ. ನಮಸ್ಕಾರ.