ಕಳಚಿ ಬಿದ್ದ ದೊಡ್ಡ ಟಿಕಳಿ

ಮಾನ್ಯ ಅಧ್ಯಕ್ಷರಾದ ಗುರುಬಸಪ್ಪನವರೇ, ಮುಖ್ಯ ಅತಿಥಿಗಳಾದ ಉಮಾಮಹೇಶ್ವರಿ ಮೇಡಂ ಅವರೇ, ಇವತ್ತು ಸನ್ಮಾನಕ್ಕೆ ಕುಳಿತಿರುವ ನಮ್ಮ ಗುರುಗಳಾದ ಚನ್ನಬಸವಯ್ಯನವರೇ, ಶ್ರೀನಗರದ ಈ ವಚನ ಗಾಯನ ಬಳಗದ ಹಿರಿಯರೇ, ಹಿಂದುಗಡೆ ನಿಂತೇ ಇರುವ ಸಭಿಕರೇ, ಮುಂದೆ ಎರಡು ಕುರ್ಚಿ ಖಾಲಿ ಇವೆ. ದಯವಿಟ್ಟು ಬಂದು ಕೂತುಕೊಳ್ಳಿ. ನಿಂತವರನ್ನು ನೋಡಿದರೆ ನನಗೆ ಗಾಬರಿಯಾಗುತ್ತದೆ.

ನನ್ನ ಹೆಸರು ನಿಂಗರಾಜ. ಹನ್ನೊಂದು ವರ್ಷದಿಂದ ಈ ಬಳಗದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮಾತು ನನ್ನ ಕೆಲಸವಲ್ಲ. ಇವತ್ತು ಬಿಟಿಎಂ ಲೇಔಟಿನ ಮನೆಯ ಮುಂದೆ ಆಟೋ ಹತ್ತಿದವನು, ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ಇಳಿದು ಓಡಿದೆ. ಎರಡನೇ ಸಲ ನನ್ನ ಹೆಂಡತಿ ಅನ್ನಪೂರ್ಣ ಒಳಗಿನಿಂದಲೇ ಕೂಗಿದಳು: “ನಾ ಮನ್ಯಾಗ ಅದೀನ್ರೀ! ಕೀಲಿ ಯಾಕ ಹಾಕ್ತೀರಿ?” ಅಂಥ ಮನುಷ್ಯ ನಾನು.

ಗುರುಗಳ ಬಗ್ಗೆ ಐದು ನಿಮಿಷ ಮಾತಾಡು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಗುರುಗಳು ಹಾಡುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತು. ಯಾಕೆ ನಿಲ್ಲಿಸಿದರು? ವಯಸ್ಸಾಯಿತು, ಗಂಟಲು ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಅವರೂ ಹಾಗೇ ಹೇಳುತ್ತಾರೆ. ಆದರೆ ನಿಜವೇನು? ಅದನ್ನು ಹೇಳಬೇಕಾದರೆ ಕೀಬೋರ್ಡಿನ ಬಟನ್ನುಗಳ ಕಥೆ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ.

ನೀವು ನೋಡುವುದು ಬೆರಳಿಟ್ಟು ನುಡಿಸುವ ಕಪ್ಪು ಬಿಳಿ ಮನೆಗಳನ್ನು. ಅವುಗಳ ಮೇಲುಗಡೆ ಒಂದು ಪ್ಯಾನಲ್ ಇರುತ್ತದೆ. ಅದರ ತುಂಬ ಬಟನ್ನುಗಳು, ಪ್ರತಿಯೊಂದರ ಕೆಳಗೂ ಇಂಗ್ಲಿಷ್. ನನ್ನ ಓದು ಆರನೇ ಕ್ಲಾಸಿನ ಅರ್ಧ. ನಮ್ಮಪ್ಪ ರಸ್ತೆ ಕೆಲಸದವನು. ರಸ್ತೆ ಮುಗಿದರೆ ಊರು ಬದಲು, ಊರು ಬದಲಾದರೆ ಶಾಲೆ ಬದಲು. ಇಂಗ್ಲಿಷ್ ಪಾಠ ಶುರುವಾಗುವ ಹೊತ್ತಿಗೆ ಶಾಲೆಯೇ ಮುಗಿಯಿತು. ಹಾರ್ಮೋನಿಯಂ ಕಿವಿಯಿಂದ ಕಲಿತೆ. ಬಟನ್ನಿನ ಹೆಸರನ್ನು ಕಿವಿಯಿಂದ ಓದಲಾಗುತ್ತದೆಯೇ? ಯಾರನ್ನಾದರೂ ಕೇಳಿ, ಇವನಿಗೆ ಓದಲು ಬರುವುದಿಲ್ಲ ಎಂದು ಗೊತ್ತಾಗಿ, ಬಳಗದಿಂದಲೇ ಕಳಿಸಿಬಿಟ್ಟರೆ?

ಅದಕ್ಕೇ ಹೆಂಡತಿಯ ಟಿಕಳಿಗಳನ್ನು, ಇಲ್ಲಿ ನೀವು ಸ್ಟಿಕ್ಕರ್ ಎನ್ನುತ್ತೀರಲ್ಲ, ಹಣೆಗೆ ಅಂಟಿಸುವುದು, ಅವನ್ನು ಬಟನ್ನುಗಳಿಗೆ ಅಂಟಿಸಿಕೊಂಡೆ. ಕೊಳಲಿನ ದನಿಗೆ ಹಸಿರು, ಪಿಟೀಲಿಗೆ ನೀಲಿ. ಶ್ರುತಿ ಏರಿಸುವ ಬಟನ್ನಿಗೆ ಚಿಕ್ಕ ಕೆಂಪು, ಇಳಿಸುವುದಕ್ಕೆ ದೊಡ್ಡ ಕೆಂಪು. ಬೆರಳು ಅವವೇ ಮನೆಗಳ ಮೇಲಿದ್ದರೂ ಆ ಎರಡು ಬಟನ್ ಒತ್ತಿದರೆ ದನಿ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ತಬಲದ ಶಿವರಾಜ್ ರೇಗಿಸುತ್ತಿದ್ದ: “ಏನ್ ಮಗಾ, ಕೀಬೋರ್ಡ್‌ಗೇ ಬೊಟ್ಟು ಇಟ್ಟಿದೀಯ, ಮದ್ವೆ ಯಾವಾಗ?” ನಾನು ನಗುತ್ತಾ ಪ್ಯಾನಲ್ಲಿಗೆ ಕೈ ಅಡ್ಡ ಇಡುತ್ತಿದ್ದೆ.

ತೊಂಬತ್ತೊಂಬತ್ತರ ಬಸವ ಜಯಂತಿ. ಇದೇ ರಸ್ತೆಯಲ್ಲಿ ಶಾಮಿಯಾನ, ಹನ್ನೊಂದು ಗಂಟೆಯ ಬಿಸಿಲು. ಗುರುಗಳು ಜ್ವರದಿಂದ ಎದ್ದು ವಾರವಾಗಿತ್ತಷ್ಟೇ. ಮೊದಲು ನಮ್ಮ ಬಳಗದ ರಾಜಶ್ರೀ ಹಾಡಿದರು. ಹೆಣ್ಣು ದನಿಗೆಂದು ಶ್ರುತಿಯನ್ನು ಮೂರು ಮನೆ ಏರಿಸಿದ್ದೆ. ಮುಂದಿನದು ಗುರುಗಳ ಸರದಿ. ಮೂರು ಸಲ ಒತ್ತಿ ಇಳಿಸಬೇಕು. ಅಂಕಿ ತೋರಿಸುವ ಪುಟ್ಟ ಪರದೆಯ ಮೇಲೆ ಬಿಸಿಲು ಹೊಡೆಯುತ್ತಿತ್ತು, ಏನೂ ಕಾಣಲಿಲ್ಲ. ಬೆರಳಿನಿಂದ ತಡಕಿದೆ. ಕೈಗೆ ಒಂದೇ ಟಿಕಳಿ ಸಿಕ್ಕಿತು. ದೊಡ್ಡದೇ ಇರಬೇಕು ಎಂದುಕೊಂಡು ಮೂರು ಸಲ ಒತ್ತಿದೆ.

ಇಳಿಯಲಿಲ್ಲ. ಇನ್ನೂ ಮೂರು ಮನೆ ಏರಿತು.

ಗುರುಗಳು ನನ್ನ ಶ್ರುತಿಯನ್ನು ನಂಬಿ ದನಿ ತೆಗೆದರು. ಎರಡನೇ ಸಾಲಿಗೆ ಕತ್ತಿನ ನರ ಉಬ್ಬಿತು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಮುಂದೆ ಕೂತವರಲ್ಲಿ ಯಾರೋ “ಅಯ್ಯೋ ಪಾಪ” ಎಂದರು. ನನ್ನ ಕಿವಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ನಿಲ್ಲಿಸಬಹುದಿತ್ತಲ್ಲವೇ? ನಿಲ್ಲಿಸಬಹುದಿತ್ತು. ಇನ್ನೊಂದು ಬಟನ್ ಒತ್ತಿ ಇನ್ನೇನಾದರೂ ಆಗಿಬಿಟ್ಟರೆ ಎಂಬ ಭಯಕ್ಕೆ ನುಡಿಸುತ್ತಲೇ ಹೋದೆ. ಹಾಡು ಅರ್ಧಕ್ಕೆ ನಿಂತಿತು. ವೇದಿಕೆ ಇಳಿಯುವಾಗ ಗುರುಗಳು ನನ್ನ ಭುಜ ಹಿಡಿದು, “ನಿಂದೇನೂ ತಪ್ಪಿಲ್ಲ ಕಣಪ್ಪ. ನನ್ ಗಂಟ್ಲು ಮುಗೀತು” ಎಂದರು.

ಮನೆಗೆ ಹೋದಾಗ ಅನ್ನಪೂರ್ಣ ನನ್ನ ಅಂಗಿಯ ತೋಳಿನಿಂದ ಏನನ್ನೋ ಕಿತ್ತು ಹಿಡಿದಳು. “ಯಾರ ಟಿಕಳಿರೀ ಇದು? ಖರೇ ಹೇಳ್ರಿ.” “ನಿಂದ ಐತಿ, ಕೀಬೋರ್ಡಿಗೆ ಹಚ್ಚಿದ್ದು” ಎಂದೆ. ಅವಳಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬೆವರಿಗೆ ಕಳಚಿ ತೋಳಿಗೆ ಅಂಟಿಕೊಂಡಿದ್ದದ್ದು ದೊಡ್ಡ ಟಿಕಳಿ. ನಾನು ಒತ್ತಿದ್ದು ಚಿಕ್ಕದನ್ನು.

ಮರುದಿನವೇ ಹೇಳಿಬಿಡಬೇಕೆಂದು ಗುರುಗಳ ಮನೆಗೆ ಹೋದೆ. ಕಾಫಿ ಕೊಟ್ಟರು. ಕುಡಿದು ಬಂದೆ. ಹೀಗೆ ನಾಲ್ಕು ವರ್ಷದಲ್ಲಿ ಎಷ್ಟು ಕಾಫಿ ಕುಡಿದೆನೋ! ಅವರು ತಂಬೂರಿಗೆ ಹಳೆಯ ಪಂಚೆ ಸುತ್ತಿ ಅಟ್ಟಕ್ಕೆ ಹಾಕಿದರಲ್ಲ, ಆಗ ಏಣಿ ಹಿಡಿದು ನಿಂತವನೂ ನಾನೇ.

ಗುರುಗಳೇ, ಅವತ್ತು ನಿಮ್ಮ ಗಂಟಲು ಕೆಟ್ಟಿರಲಿಲ್ಲ. ಶ್ರುತಿಯನ್ನು ಆರು ಮನೆ ಮೇಲಿಟ್ಟರೆ ಯಾರ ದನಿ ತಾನೇ ಒಡೆಯುವುದಿಲ್ಲ? ತಪ್ಪು ನನ್ನದು. ಈಗ ನನ್ನ ಮಗಳು ಸಿರಿಯಿಂದ ಪ್ಯಾನಲ್ಲಿನ ಅಕ್ಷರಗಳನ್ನೆಲ್ಲ ಕಲಿತಿದ್ದೇನೆ; ಟಿಕಳಿ ಒಂದೂ ಇಲ್ಲ. ಕೀಬೋರ್ಡ್ ಇಲ್ಲೇ ಇದೆ. ಪರದೆಯ ಮೇಲೆ ಸೊನ್ನೆ ಇದೆ, ಅಂದರೆ ಶ್ರುತಿ ಏರಿಯೂ ಇಲ್ಲ, ಇಳಿದೂ ಇಲ್ಲ. ನಾನು ನಾಲ್ಕು ಸಲ ನೋಡಿದ್ದೇನೆ, ಉಮಾಮಹೇಶ್ವರಿ ಮೇಡಂ ಅವರಿಗೂ ತೋರಿಸಿದ್ದೇನೆ. ಯಾಕೆಂದು ಅವರಿಗೆ ಈಗ ಅರ್ಥವಾಗಿರಬೇಕು.

ಅಧ್ಯಕ್ಷರೇ, ಶಾಲು ಹೊದಿಸುವ ಮೊದಲು ಈ ಮೈಕನ್ನು ಅವರ ಕಡೆ ತಿರುಗಿಸಲು ಅಪ್ಪಣೆ ಕೊಡಿ. ಗುರುಗಳೇ, ಹಾಡಲು ಮನಸ್ಸು ಬರದಿದ್ದರೆ ನನ್ನನ್ನು ಬೈಯಿರಿ. ಬೈಯುವುದಾದರೂ ಮೈಕಿನಲ್ಲೇ, ದನಿ ಬಿಚ್ಚಿ ಬೈಯಿರಿ. ಹಿಂದೆ ನಿಂತವರಿಗೂ ಆ ದನಿ ಕೇಳಲಿ. ನಾನು ಶ್ರುತಿ ಹಿಡಿದು ಕಾಯುತ್ತಿರುತ್ತೇನೆ.

ಐದು ನಿಮಿಷ ಮೀರಿದ್ದಕ್ಕೆ ಕ್ಷಮೆ ಇರಲಿ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.