ನಾಲ್ಕು ಪಟ್ಟು ವೇಗ

"ಹಲೋ… ಯಾರು ಮಾತಾಡ್ತಿರೋದು? … ಹಾಂ, ನೀವೇನಾ ಮೇಡಂ? ನಮ್ಮ ಕಂಪ್ಯೂಟರ್ ಪತ್ರಿಕೆಗೆ ಕಾಗದ ಬರೆದೋರು? … ಆ ಆಕ್ಸಿಲರೇಟರ್ ಕಾರ್ಡ್ ಬಗ್ಗೆ ಬರೆದವನು ನಾನೇ."

ಮಾತಾಡುತ್ತಿದ್ದವನು ಆ ಪತ್ರಿಕೆಗೆ ಹೊಸ ಕಂಪ್ಯೂಟರ್ ಸಾಮಾನುಗಳ ವಿಮರ್ಶೆ ಬರೆಯುವವನು. ಹಳೆಯ ಕಂಪ್ಯೂಟರಿನೊಳಗೆ ಹೊಸ ಪ್ರೊಸೆಸರಿನ ಆ ಕಾರ್ಡ್ ಕೂರಿಸಿದರೆ ನಾಲ್ಕು ಪಟ್ಟು ವೇಗ ಎಂದು ಅವನು ಬರೆದು ಮೂರು ತಿಂಗಳಾಗಿತ್ತು. ಲೈಬ್ರರಿಯಲ್ಲಿ ಕೆಲಸ ಮಾಡುವ ಆಕೆಯ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟಿದ್ದ.

"…ಓದಿದೆ ಮೇಡಂ, ಮೂರು ಸಲ ಓದಿದೆ. ಲೈಬ್ರರಿ ಪುಸ್ತಕಗಳ ಪಟ್ಟೀನ ಅಕ್ಷರಕ್ರಮಕ್ಕೆ ಜೋಡಿಸೋಕೆ ಮೊದಲು ನಲವತ್ತು ನಿಮಿಷ, ಕಾರ್ಡ್ ಹಾಕಿದ ಮೇಲೆ ಮೂವತ್ತೆಂಟು. ಅಲ್ವಾ?"

"…ಇಲ್ಲ ಇಲ್ಲ, ಕಾರ್ಡ್ ಕೆಟ್ಟಿಲ್ಲ. ಲೆಕ್ಕ ಬೇಗಾನೇ ಮಾಡುತ್ತೆ. ಆದ್ರೆ ನಿಮ್ಮ ಪಟ್ಟಿ ಇರೋದು ಡಿಸ್ಕಲ್ಲಿ. ಡಿಸ್ಕು ಮೊದಲಿನ ಹಾಗೇ ತೆವಳುತ್ತೆ. ಪ್ರೊಸೆಸರ್ ಪಾಪ, ಕೈಕಟ್ಟಿ ಕಾಯ್ತಾ ಕೂತಿರುತ್ತೆ."

"…ನಂಗೆ ಗೊತ್ತಿತ್ತಾ ಅಂದ್ರೆ… ಗೊತ್ತಾಗಬೇಕಿತ್ತು."

"…ಏನು? ನಿಮ್ಮನ್ನ ಕೆಲಸದಿಂದ…? ಕಾಗದದಲ್ಲಿ ಅದನ್ನ ಬರೆದಿರಲಿಲ್ಲವಲ್ಲ! … ಹಾಂ. ಇಬ್ಬರ ಕೆಲಸಕ್ಕೆ ಇನ್ನು ಒಬ್ಬರೇ ಸಾಕು ಅಂದ್ರಾ? ನನ್ನ ಲೇಖನ ತೋರಿಸಿ?"

ಅವನು ಕುರ್ಚಿಯಿಂದ ಎದ್ದು ನಿಂತ. ಯಾಕೆ ಎದ್ದನೆಂದು ಅವನಿಗೇ ತಿಳಿಯಲಿಲ್ಲ.

"…ಇಲ್ಲ, ನಿಜವಾದ ಕೆಲಸ ಕೊಟ್ಟು ನೋಡಲಿಲ್ಲ. ಮಾರೋರೇ ಒಂದು ಪುಟಾಣಿ ಪ್ರೋಗ್ರಾಂ ಕೊಟ್ಟಿದ್ರು. ಅದು ಬರೀ ಲೆಕ್ಕ, ಡಿಸ್ಕ್ ಮುಟ್ಟೋದೇ ಇಲ್ಲ. ಅದನ್ನೇ ಓಡಿಸಿ ಬರೆದುಬಿಟ್ಟೆ. ಸೋಮಾರಿತನ ಮೇಡಂ, ಬೇರೇನೂ ಅಲ್ಲ."

"…ತಿದ್ದುಪಡಿ ಹಾಕ್ತೀನಿ, ಮುಂದಿನ ಸಂಚಿಕೆಯಲ್ಲೇ. ಬರೆದಿಟ್ಟಿದೀನಿ, ಕೇಳಿ. 'ಹಿಂದಿನ ಲೇಖನದಲ್ಲಿ ತಪ್ಪೊಂದು ನುಸುಳಿದೆ…' ಹಾಂ? … ಅದು… ಹೌದು. ಅದಾಗೇ ನುಸುಳಲಿಲ್ಲ."

ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದ.

"…'ನಾನು ಪರೀಕ್ಷಿಸದೆ ಬರೆದೆ.' ಸರಿನಾ? … 'ಅದನ್ನು ನಂಬಿ ಒಬ್ಬರನ್ನು ಕೆಲಸದಿಂದ ತೆಗೆದರು.' … ಅದನ್ನೂ ಹಾಕ್ತೀನಿ, ಕೆಳಗೆ ನನ್ನ ಹೆಸರೂ ಹಾಕ್ತೀನಿ. ಆಮೇಲೆ… ನಾಳೆ ನಿಮ್ಮ ಲೈಬ್ರೇರಿಯನ್ ಹತ್ರ ನಾನೇ ಬಂದು ಹೇಳ್ತೀನಿ. ಮುಖ ತೋರಿಸೋಕೆ ನಾಚಿಕೆ ಆಗುತ್ತೆ, ಆದ್ರೂ ಬರ್ತೀನಿ. ನೀವೂ ಬರ್ತೀರಾ?"

"…ಹಾಂ, ವಾಪಸ್ ತಗೋತಾರೋ ಇಲ್ವೋ, ನಾನು ಹೇಗೆ ಹೇಳಲಿ? ಇನ್ನೊಂದು ಸುಳ್ಳು ಭರವಸೆ ಬೇಡ. … ಹತ್ತು ಗಂಟೆಗಾ? ಆಗ್ಲಿ, ಬಾಗಿಲ ಹತ್ರಾನೇ ನಿಂತಿರ್ತೀನಿ. … ಮೇಡಂ, ಒಂದು ನಿಮಿಷ, ಇಡಬೇಡಿ. ನನ್ನನ್ನ ಕ್ಷಮಿಸಿ ಅಂತ… ಹಲೋ? … ಮೇಡಂ? ಕೇಳಿಸ್ತಾ? … ಹಲೋ?"

ಲೈನ್ ಕಡಿದಿತ್ತು.