ಹೊನ್ನಾಜಮ್ಮ ಗುಡ್ಡ ಹತ್ತಿದ್ದು

ಜಗಲಿ ಮೇಲೆ ಹತ್ತಿರ ಬಂದು ಕೂತ್ಕೊಳ್ಳಿ, ಕೇಳಿ. ಯಾವ ಸೀಮೆ ಅಂತ ಕೇಳಬೇಡಿ, ಯಾವ ರಾಜನ ಕಾಲ ಅಂತಲೂ ಕೇಳಬೇಡಿ. ಗುಡ್ಡದ ಬುಡದಲ್ಲಿ ಒಂದು ಊರು. ಆ ಊರಲ್ಲಿ ಹೊನ್ನಾಜಮ್ಮ ಅನ್ನೋ ಸೂಲಗಿತ್ತಿ. ಸುತ್ತಲ ಹಳ್ಳಿಯ ಮಕ್ಕಳೆಲ್ಲ ಅವಳ ಕೈಮೇಲೇ ಭೂಮಿಗೆ ಬಂದವು.

ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಆದರೆ ಕೈಗೆ ರೂಢಿ ಅನ್ನೋದು ಇರತ್ತಲ್ಲ? ದಿನಾ ನಾಲ್ಕು ಮುದ್ದೆ ಕಟ್ಟೋಳು. ತನಗೆ ಎರಡು, ಅವನಿಗೆ ಎರಡು. ಅವನ ಪಾಲು ಚೆಲ್ಲೋಕೆ ಮನಸ್ಸು ಬಾರದು, ತಾನೇ ಉಣ್ಣೋಳು. ಹಸಿವಾದಾಗ ಉಂಡಳು, ಬೇಜಾರಾದಾಗ ಉಂಡಳು, ಸುಮ್ಮನೆ ಕೂತಾಗಲೂ ಉಂಡಳು. ಮೂರು ವರ್ಷಕ್ಕೆ ಮೈ ಹೇಗಾಯ್ತು ಅಂತೀರಿ? ಹೊಸ್ತಿಲು ದಾಟಿದರೆ ಏದುಸಿರು.

ಒಂದು ಬೆಳಗ್ಗೆ ಗುಡ್ಡದ ಮೇಲಿನ ಹಟ್ಟಿಯಿಂದ ಕುರಿ ಕಾಯೋ ಬೈರ ಓಡಿಬಂದ. ಅವನ ಹೆಂಡತಿ ದ್ಯಾವಿಗೆ ನೋವು ಶುರುವಾಗಿತ್ತು, ಚೊಚ್ಚಲು. ಹೊನ್ನಾಜಮ್ಮ ಹೊರಟಳು. ಕಾಲು ಗುಡ್ಡಕ್ಕೆ ಕೂತಳು. ಅರ್ಧ ಗುಡ್ಡಕ್ಕೆ ಕೂತಳು. ಮುಕ್ಕಾಲು ಗುಡ್ಡಕ್ಕೆ ಕೂತವಳಿಗೆ ಏಳೋಕೇ ಆಗಲಿಲ್ಲ. ಬೈರ ಕೈ ಹಿಡಿದು ಹತ್ತಿಸಿದ. ಹೋಗೋ ಹೊತ್ತಿಗೆ ಕೂಸು ಹುಟ್ಟಿತ್ತು, ದ್ಯಾವಿಯ ನೆತ್ತರು ಮಾತ್ರ ನಿಂತಿರಲಿಲ್ಲ. ಹೊಟ್ಟೆ ನೀವಿ, ಕೂಸನ್ನು ಎದೆಗೆ ಹಚ್ಚಿ, ಮಧ್ಯಾಹ್ನದ ತನಕ ಒದ್ದಾಡಿದ ಮೇಲೆ ನಿಂತಿತು.

ದ್ಯಾವಿಯ ಅತ್ತೆ ಬಯ್ಯಲಿಲ್ಲ. ಕುಡಿಯೋಕೆ ನೀರು ಕೊಟ್ಟು, "ಇನ್ನೊಂದು ಗಳಿಗೆ ತಡ ಆಗಿದ್ರೆ ಇವಳು ಉಳೀತಿರಲಿಲ್ಲ, ಅಲ್ವಾ ಹೊನ್ನಾಜಿ?" ಅಂದಳು.

"ಹೂಂ ಕಣವ್ವ."

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಮಾರನೇ ದಿನವೂ ಕೈ ನಾಲ್ಕು ಮುದ್ದೆ ಕಟ್ಟಿತು. ಹೊನ್ನಾಜಮ್ಮ ಅವನ್ನು ಬಹಳ ಹೊತ್ತು ನೋಡಿದಳು. ಗಂಡನ ಪಾಲು ಬಟ್ಟೆಯಲ್ಲಿ ಗಂಟು ಹಾಕಿ ಗುಡ್ಡದ ದಾರಿ ಹಿಡಿದಳು.

"ಇದ್ಯಾಕವ್ವ, ಇಷ್ಟು ದೂರ ಹೊತ್ಕೊಂಡು ಬಂದೆ?" ಅಂದಳು ದ್ಯಾವಿ.

"ನೀನು ಉಣ್ಣು. ನಿನಗೆ ಈ ಮುದ್ದೆ ಬೇಕು, ನನಗೆ ಈ ಗುಡ್ಡ ಬೇಕು."

ಹಾಗೇ ದಿನಾ ನಡೆದಳು. ಹೊತ್ತಲ್ಲದ ಹೊತ್ತಲ್ಲಿ ಕೈ ಅಡಿಗೆಮನೆ ಕಡೆ ಹೋದರೆ, ಒಂದು ಚೆಂಬು ನೀರು ಕುಡಿದು, "ಇದು ಹಸಿವೋ, ಬೇಜಾರೋ?" ಅಂತ ತನ್ನನ್ನೇ ಕೇಳೋಳು. ಬೇಜಾರಾದರೆ ಪಕ್ಕದ ಮನೆಗೆ ಹೋಗಿ ಅವರೆಕಾಯಿ ಸುಲಿಯೋಕೆ ಕೂರೋಳು. ಸೋತಿದ್ದೂ ಉಂಟು. ಹಬ್ಬದ ದಿನ ಒಂಬತ್ತು ಹೋಳಿಗೆ ತಿಂದು, ಹೊಟ್ಟೆ ಹಿಡಿದು, ತನಗೆ ತಾನೇ ಹೇಸಿಕೊಂಡು ಅತ್ತಳು. ಮಾರನೇ ಬೆಳಗ್ಗೆ ಮತ್ತೆ ಗುಡ್ಡ ಹತ್ತಿದಳು. ಮೊದಲು ಮೂರು ಕಡೆ ಕೂರುತ್ತಿದ್ದವಳು ರಾಗಿ ಕೊಯ್ಲಿಗೆ ಎರಡು ಕಡೆ ಕೂತಳು, ಯುಗಾದಿಗೆ ಒಂದು ಕಡೆ. ಆಮೇಲೆ ಕೂರಲೇ ಇಲ್ಲ.

ವರ್ಷ ಕಳೀತು. ಗುಡ್ಡದಾಚೆಯ ಹಳ್ಳಿಯಿಂದ ಕರೆ ಬಂತು. ಕರೆಯೋಕೆ ಬಂದವನು ಹಿಂದೆ ಉಳಿದ, ಇವಳು ಮುಂದೆ ನಡೆದಳು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಹೊತ್ತಿಗೆ ಸರಿಯಾಗಿ ಬಿಡಿಸಿದಳು. ಕೂಸು ಅತ್ತಿತು.

ಆ ಮನೆಯವರು ಎಲೆ ಹಾಕಿದರು. ಹೊನ್ನಾಜಮ್ಮ ಹಸಿವಿನಷ್ಟು ಉಂಡು ಕೈ ತೊಳೆದಳು.

"ಮಿಕ್ಕಿದ್ದು ಕಟ್ಟಿಕೊಡಲಾ? ಮನೇಲಿ ಯಾರಿದ್ದಾರೆ?" ಅಂದಳು ಮನೆಯೊಡತಿ.

ಹೊನ್ನಾಜಮ್ಮ ಸೆರಗಿಗೆ ಕೈ ಒರೆಸಿಕೊಂಡಳು.

"ಯಾರೂ ಇಲ್ಲ ಕಣವ್ವ," ಅಂದಳು. "ನಾನೊಬ್ಬಳೇ."

ಗಂಡ ಸತ್ತ ಮೇಲೆ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಕಣ್ಣು ತುಂಬಿತು. ಹೊಟ್ಟೆ ಮಾತ್ರ ಏನನ್ನೂ ಕೇಳಲಿಲ್ಲ.

ಅವಳು ಅತ್ತ ಗುಡ್ಡ ಇಳಿದಳು, ನಾವು ಇತ್ತ ಜಗಲಿ ಇಳಿಯೋಣ.